ಕಕ್ಕಸಿಗೆ ಬಂದ ಯಂತ್ರ

ಯಂತ್ರಕ್ಕೆ ಸೆಕೆಯಾಗುತ್ತದಂತೆ. ಅದಕ್ಕೆಂದು ನಮ್ಮ ಕಕ್ಕಸು ಕಿತ್ತುಕೊಂಡರು.

ಹೀಗೆ ಹೇಳಿದರೆ ಗುಲು ಪಟ್ಟಣದಲ್ಲಿರುವ ನನ್ನ ತಂಗಿ ನಗುತ್ತಾಳೆ. ನಗಲಿ. ಅವಳ ಮನೆಯ ಕಕ್ಕಸಿಗೆ ಬಾಗಿಲಿದೆ.

ತೇಟುಗು ಗಡಿಯಲ್ಲಿ ನಾವು ಹೊರುವ ಹೆಂಗಸರು. ಈ ಕಡೆ ಯುಗಾಂಡ, ಆ ಕಡೆ ದಕ್ಷಿಣ ಸುಡಾನ್. ನಡುವೆ ಒಂದು ಹಳ್ಳ, ಹಳ್ಳಕ್ಕೊಂದು ಸೇತುವೆ, ಸೇತುವೆಯ ಎರಡು ತುದಿಗೆ ಎರಡು ಗೇಟು. ಆ ಕಡೆಯವರೂ ಆಡುವುದು ನಮ್ಮ ಅಚೋಲಿ ಮಾತನ್ನೇ. ನನ್ನ ಅತ್ತೆಯ ತವರು ಆ ಕಡೆ. ಎಲೆಕೋಸು, ಈರುಳ್ಳಿ, ಜೋಳದ ಹಿಟ್ಟು ಹೊತ್ತು ಆ ಕಡೆಯ ಸಂತೆಗೆ ಹೋಗುತ್ತೇವೆ. ಎಳ್ಳು ಹೊತ್ತು ಬರುತ್ತೇವೆ. ತಲೆ ನಮ್ಮದು, ಕತ್ತು ನಮ್ಮದು. ಗೇಟು ಮಾತ್ರ ಅವರದು.

ಕಕ್ಕಸು ಕಟ್ಟಿಸಿದವಳು ಓಜೋಕನವ್ವ. ಓಜೋಕ್ ಎಂಬ ಮಗ ಈಗಿಲ್ಲ. ಯುದ್ಧದ ಕಾಲದಲ್ಲಿ ಕಾಡಿನ ಬಂಡುಕೋರರು ಎಳೆದುಕೊಂಡು ಹೋದರು, ತಿರುಗಿ ಬರಲಿಲ್ಲ. ಹೆಸರು ಮಾತ್ರ ತಾಯಿಗೆ ಉಳಿಯಿತು. ಮುದುಕಿಗೆ ಸಕ್ಕರೆ ಕಾಯಿಲೆ. ಆದರೂ ಮೂಟೆ ಹೊರುತ್ತಾಳೆ. ಬಾಯಿ ಎಂದರೆ ಮೆಣಸಿನಕಾಯಿ.

ಮೊದಲು ನಾವು ಲಾರಿಗಳ ಹಿಂದಿನ ಹುಲ್ಲಿಗೆ ಹೋಗುತ್ತಿದ್ದೆವು. ಒಂದು ಸಂಜೆ ಲಾಕೋತ್ ಎಂಬ ಹುಡುಗಿ ಹೋದಳು. ಇಬ್ಬರು ಅವಳನ್ನು ಹಿಡಿದರು. ಸಮವಸ್ತ್ರದವರು. ಯಾವ ದೇಶದ ಸಮವಸ್ತ್ರ ಎಂದು ಅವಳು ಹೇಳಲಿಲ್ಲ. ಕೇಳಬೇಕಾದವರು ಕೇಳಲೂ ಇಲ್ಲ. ಲಾಕೋತ್ ಗಡಿ ಬಿಟ್ಟು ಹೋದಳು.

ಆಗ ಓಜೋಕನವ್ವ ಹೇಳಿದಳು: "ಊರೋರ ಮೂಟೆ ಎಲ್ಲ ಹೊರ್ತೀವಿ. ನಮ್ಮ ಮಾನಕ್ಕೆ ನಾಲ್ಕು ಇಟ್ಟಿಗೆ ಹೊರೋಕಾಗಲ್ವಾ?"

ಹೊತ್ತೆವು. ಭಟ್ಟಿಯಿಂದ ಇಟ್ಟಿಗೆ, ಹಳ್ಳದಿಂದ ಮರಳು. ಒಬ್ಬ ಪಾದ್ರಿ ತಗಡು ಕೊಡಿಸಿದ. ವಿದ್ಯುತ್ ಕಚೇರಿಯವನ ಹೆಂಡತಿ ನಮ್ಮ ಹೊರುವವರ ಸಂಘದವಳು. ಒಂದು ದೀಪವೂ ಬಂತು. ಸಿಮೆಂಟಿನ ನೆಲ, ನಾಲ್ಕು ಗುಂಡಿ, ಒಂದು ನಲ್ಲಿ, ಕಬ್ಬಿಣದ ಬಾಗಿಲು. ಇಡೀ ತೇಟುಗುವಿನಲ್ಲಿ ಸೋರದ ಕಟ್ಟಡ ಎರಡೇ. ಒಂದು ನಮ್ಮ ಕಕ್ಕಸು. ಇನ್ನೊಂದು ಗಡಿ ಅಧಿಕಾರಿ ಕೋಮಾಕೆಚ್‌ನ ಕೋಣೆ.

ಆಮೇಲೆ ಸಭೆಯವರು ಬಂದರು.

ನಮ್ಮ ರಾಜಧಾನಿ ಕಂಪಾಲದಿಂದ ಇಬ್ಬರು, ಆ ಕಡೆಯ ರಾಜಧಾನಿ ಜೂಬಾದಿಂದ ಒಬ್ಬ, ಎಲ್ಲಿಂದಲೋ ಒಬ್ಬ ಬಿಳಿ ಹೆಂಗಸು. ನಮ್ಮನ್ನು ಮರದ ಕೆಳಗೆ ಕೂರಿಸಿ ಸೋಡಾ ಕೊಟ್ಟರು, ಬಿಸ್ಕತ್ತು ಕೊಟ್ಟರು. "ನಿಮಗಾಗಿ ಬಂದಿದ್ದೀವಿ" ಎಂದರು. ನಮಗಾಗಿ ಬರುವವರು ಯಾವಾಗಲೂ ಸೋಡಾದ ಜೊತೆಗೇ ಬರುತ್ತಾರೆ.

"ಗಡಿಲಿ ನಿಮ್ಮ ದೊಡ್ಡ ಕಷ್ಟ ಏನು?" ಎಂದು ಕೋಮಾಕೆಚ್ ಅವರ ಪರವಾಗಿ ಕೇಳಿದ.

"ನಿಲ್ಲೋದು. ಈ ಕಡೆ ಗೇಟಲ್ಲಿ ನಿಲ್ಲೋದು, ಆಮೇಲೆ ಆ ಕಡೆ ಗೇಟಲ್ಲಿ ನಿಲ್ಲೋದು," ಎಂದಳು ಓಜೋಕನವ್ವ.

ಬಿಳಿ ಹೆಂಗಸು ಬಹಳ ಹೊತ್ತು ತಲೆ ಅಲ್ಲಾಡಿಸಿದಳು. ಇನ್ನು ಮೇಲೆ ನಿಲ್ಲಬೇಕಾಗಿಲ್ಲ ಎಂದರು. ಯಂತ್ರ ಬರುತ್ತದೆ. ನಿಮ್ಮ ಹೆಸರು, ಮುಖ, ಸಾಮಾನು ಎಲ್ಲ ಅದರೊಳಗೆ ಇರುತ್ತದೆ. ಫೋನು ತೋರಿಸಿದರೆ ಹಸಿರು ದೀಪ. ಎರಡು ದೇಶಕ್ಕೂ ಒಂದೇ ಸಲ ಗೊತ್ತಾಗುತ್ತದೆ. ಒಂದೇ ಗೇಟು, ಒಂದೇ ಕಿಟಕಿ, ಸಲೀಸಾಗಿ ದಾಟಿ. ನಾವು ಚಪ್ಪಾಳೆ ತಟ್ಟಿದೆವು. ಸುಳ್ಳು ಯಾಕೆ ಹೇಳಲಿ, ಆಸೆಯಿಂದಲೇ ತಟ್ಟಿದೆವು.

ಯಂತ್ರ ಬಂತು. ಅದರ ಹಿಂದೆ ಸೆಬುನ್ಯಾ ಎಂಬ ಎಂಜಿನಿಯರ್ ಹುಡುಗ ಬಂದ. ಕಂಪಾಲದವನು. ನಮ್ಮ ಮಾತು ಬಾರದು, ಹರಕುಮುರುಕು ಸ್ವಾಹಿಲಿ ಆಡುತ್ತಿದ್ದ. ಸಂತೆಯಲ್ಲಿ ಕಲಿತ ನನಗೆ ಅದು ತಿಳಿಯುತ್ತಿತ್ತು. ಯಂತ್ರಕ್ಕೆ ಧೂಳು ಆಗದು, ಸೆಕೆ ಆಗದು, ಸೋರುವುದಂತೂ ಆಗಲೇ ಆಗದು ಎಂದ. ಕರೆಂಟು ಬೇಕು, ಬೀಗ ಬೇಕು, ತಣ್ಣನೆ ಗಾಳಿ ಬೇಕು. ಹೊಸ ಮದುಮಗಳಿಗೂ ನಮ್ಮಲ್ಲಿ ಇಷ್ಟು ಉಪಚಾರವಿಲ್ಲ.

ಸೋರದ ಕಟ್ಟಡ ಎರಡು ಎಂದೆನಲ್ಲ. ಕೋಮಾಕೆಚ್‌ನ ಕೋಣೆಯೂ ಇಟ್ಟಿಗೆಯದೇ. ಆದರೆ ಅದರಲ್ಲಿ ಕೋಮಾಕೆಚ್ ಇದ್ದ.

ಒಂದು ಬೆಳಿಗ್ಗೆ ಬಂದು ನೋಡಿದರೆ ಕಕ್ಕಸಿನ ಗುಂಡಿಗಳ ಮೇಲೆ ಹಲಗೆ ಬಡಿದಿದ್ದರು. ಹಲಗೆಯ ಮೇಲೆ ಬೀರುವಿನಂಥ ಕಪ್ಪು ಯಂತ್ರ. ಗೋಡೆಗೆ ತೂತು ಕೊರೆದು ತಣ್ಣನೆ ಗಾಳಿಯ ಪೆಟ್ಟಿಗೆ. ಬಾಗಿಲಿಗೆ ಹೊರಗಿನಿಂದ ಬೀಗ.

"ಇದೇನು ಸಾಹೇಬ್ರೇ?" ಎಂದೆ.

"ತಾತ್ಕಾಲಿಕ ಕಣಮ್ಮ ಅಬಾಲೋ. ಹೊಸ ಕಟ್ಟಡ ಬರೋ ತನಕ," ಎಂದ ಕೋಮಾಕೆಚ್.

"ಅಲ್ಲೀ ತನಕ ನಾವು?"

"ಹೊಂದ್ಕೊಳ್ಳಿ. ಅಭಿವೃದ್ಧಿ ಅಂದ್ರೆ ಸ್ವಲ್ಪ ತ್ಯಾಗ ಇರುತ್ತೆ."

ಅವನ ಕಚೇರಿಯ ಹಿಂದೆ ಅವನದೇ ಕಕ್ಕಸಿದೆ. ಅದರ ಬೀಗದಕೈ ಅವನ ಬೆಲ್ಟಿನಲ್ಲಿ ನೇತಾಡುತ್ತದೆ. ತ್ಯಾಗ ಮಾಡುವವರಿಗೆ ಅದು ಕಾಣುವಷ್ಟು ಹತ್ತಿರದಲ್ಲೇ.

ಯಂತ್ರ ಶುರುವಾಯಿತು. ನಿಲ್ಲುವುದು ತಪ್ಪಲಿಲ್ಲ. ಮೊದಲು ಎರಡು ಗೇಟಿನಲ್ಲಿ ಅರ್ಧರ್ಧ ನಿಲ್ಲುತ್ತಿದ್ದೆವು, ಈಗ ಒಂದೇ ಗೇಟಿನಲ್ಲಿ ಇಡಿಯಾಗಿ ನಿಂತೆವು. ನೆಟ್‌ವರ್ಕ್ ಬಂದರೆ ಕರೆಂಟಿಲ್ಲ. ಕರೆಂಟು ಬಂದರೆ ಜೂಬಾ ಉತ್ತರ ಕೊಡುವುದಿಲ್ಲ. ಗೋಡೆಯ ಮೇಲಿನ ಪರದೆ ಒಬ್ಬೊಬ್ಬರ ಹೆಸರು ಕರೆಯುತ್ತದೆ. ಕರೆದಾಗ ಎದುರಿಗಿಲ್ಲದಿದ್ದರೆ ಹೆಸರು ಸಾಲಿನ ಕೊನೆಗೆ ಜಾರುತ್ತದೆ. ಯಂತ್ರಕ್ಕೆ ಉಚ್ಚೆ ಬರುವುದಿಲ್ಲ. ಉಚ್ಚೆ ಬರುವವರ ಸಂಕಟ ಅದಕ್ಕೆ ಹೇಗೆ ತಿಳಿಯಬೇಕು?

ಹುಲ್ಲಿಗೆ ಹೋಗಲು ಹೆದರಿಕೆ. ಹೋದರೆ ಸಾಲು ತಪ್ಪುತ್ತದೆ. ನಾವು ನೀರು ಕುಡಿಯುವುದನ್ನೇ ಬಿಟ್ಟೆವು. ಬೆಳಿಗ್ಗೆ ಚಹಾ ಇಲ್ಲ, ಮಧ್ಯಾಹ್ನ ನೀರಿಲ್ಲ. ತಲೆಯ ಮೇಲೆ ಎಲೆಕೋಸಿನ ಮೂಟೆ, ಕಾಲು ಒಂದಕ್ಕೊಂದು ಒತ್ತಿ ಹಿಡಿದು, ತುಟಿ ಒಡೆದು, ಬಿಸಿಲಿನಲ್ಲಿ. ಕೆಳಹೊಟ್ಟೆ ಕಲ್ಲಾಗುತ್ತಿತ್ತು. ರಾತ್ರಿ ಮನೆಯಲ್ಲಿ ಕೂತರೆ ಉರಿ, ಉರಿಯ ಜೊತೆ ರಕ್ತ. ಒಬ್ಬಿಬ್ಬರಿಗಲ್ಲ. ಸಾಲಿನಲ್ಲಿ ಯಾರನ್ನು ಕೇಳಿದರೂ ಅದೇ.

ಫೋನಿನಲ್ಲಿ ಗಡಿಯ ನಕ್ಷೆ ಇತ್ತು. ಅದರಲ್ಲಿ ನಮ್ಮ ಕಕ್ಕಸೂ ಇತ್ತು. ಹೆಂಗಸಿನ ಬೊಂಬೆ, ಪಕ್ಕದಲ್ಲಿ ಹಸಿರು ಗುರುತು. ಫೋನಿಗೆ ಚಾರ್ಜು ಹಾಕುವ ಅಂಗಡಿಯವನು ಓದಿ ಹೇಳಿದ: "ಮಹಿಳೆಯರ ಶೌಚಾಲಯ, ಸದಾ ತೆರೆದಿದೆ ಅಂತೈತೆ ಅಕ್ಕಾ." ಅಲ್ಲೇ ದೂರಿನ ಗುಂಡಿಯೂ ಇತ್ತು. ಅವನಿಂದಲೇ ಒತ್ತಿಸಿದೆ. ಸಂಜೆಯೊಳಗೆ ಉತ್ತರ ಬಂತು. ಅದನ್ನೂ ಅವನೇ ಓದಿದ: "ನಿಮ್ಮ ದೂರು ಬಗೆಹರಿದಿದೆ. ಧನ್ಯವಾದ."

ಎಂದೂ ಇಷ್ಟು ಬೇಗ ನನ್ನ ಕಷ್ಟ ಬಗೆಹರಿದಿರಲಿಲ್ಲ.

ಉದ್ಘಾಟನೆಯ ದಿನ ಗೊತ್ತಾಯಿತು. ಅವತ್ತು ಎಲ್ಲರೆದುರು ದಾಟಿ ತೋರಿಸಲು ನನ್ನನ್ನು ಆರಿಸಿದರು. ಅದರ ಹಿಂದಿನ ದಿನ ನಡೆದದ್ದನ್ನು ಹೇಳುತ್ತೇನೆ.

ಓಜೋಕನವ್ವ ನನ್ನ ಮುಂದೆ ನಿಂತಿದ್ದಳು. ಸಕ್ಕರೆ ಕಾಯಿಲೆಯವರಿಗೆ ಉಚ್ಚೆ ತಡೆಯುವುದಿಲ್ಲ. ಅವಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಎರಡು ಸಲ ಕೋಮಾಕೆಚ್‌ನ ಹತ್ತಿರ ಹೋಗಿ ಅವನ ಕಕ್ಕಸಿನ ಬೀಗದಕೈ ಕೇಳಿದಳು.

"ಅದು ಸಿಬ್ಬಂದಿಗೆ," ಎಂದ.

"ಮಗಾ, ತಡೆಯಕ್ಕಾಗ್ತಿಲ್ಲ."

"ಒಬ್ಬರಿಗೆ ಕೊಟ್ರೆ ಎಲ್ಲರೂ ಬರ್ತಾರೆ. ಹೋಗಿ ಸಾಲಲ್ಲಿ ನಿಂತ್ಕೊ."

ಅವಳು ಬಂದು ನಿಂತಳು. ಸ್ವಲ್ಪ ಹೊತ್ತಿಗೆ ಅವಳ ಕಾಲಿನ ಗುಂಟ ಇಳಿಯಿತು. ಹಿಮ್ಮಡಿ ನೆನೆಯಿತು, ಚಪ್ಪಲಿ ನೆನೆಯಿತು, ಹೊಸದಾಗಿ ಹಾಕಿದ ಬಿಳಿ ಟೈಲಿನ ಮೇಲೆ ಹರಡಿತು. ತಲೆಯ ಮೇಲೆ ಮೂಟೆ ಹಾಗೇ ಇತ್ತು. ಕತ್ತು ಅಲುಗಲಿಲ್ಲ. ಲಾರಿ ಡ್ರೈವರುಗಳು ನಕ್ಕರು. ಒಬ್ಬ ಸಿಳ್ಳೆ ಹಾಕಿದ.

ಕೋಮಾಕೆಚ್ ಓಡಿ ಬಂದ. "ಥೂ! ನಾಳೆ ಎರಡು ದೇಶದ ದೊಡ್ಡೋರು ಬರ್ತಾರೆ, ಇವತ್ತು ಇದಾ? ಒರೆಸು. ಈಗ್ಲೇ ಒರೆಸು."

"ನಾನು ಒರೆಸ್ತೀನಿ ಬಿಡಿ," ಎಂದೆ ನಾನು.

"ಮಾಡ್ದೋಳು ಒರೆಸ್ಲಿ."

ಅವಳು ಮೂಟೆ ಇಳಿಸಿದಳು. ತಲೆಯ ಮೇಲಿನ ಸಿಂಬೆ ಬಿಚ್ಚಿದಳು. ಮೂಟೆಯ ಭಾರ ತಾಳುವ ಬಟ್ಟೆ ಅದು. ಮೊಣಕಾಲೂರಿ ಅದರಿಂದ ನೆಲ ಒರೆಸಿದಳು. ಕೋಮಾಕೆಚ್ ಮೇಲೆ ನಿಂತು ಬೂಟಿನ ತುದಿಯಿಂದ ತೋರಿಸಿದ: ಇಲ್ಲಿ, ಅಲ್ಲಿ, ಆ ಮೂಲೆ. ಅವನ ತಾಯಿಯೂ ಇದೇ ಗಡಿಯಲ್ಲಿ ಕಳ್ಳು ಮಾರಿ ಅವನನ್ನು ಓದಿಸಿದವಳು. ಓಜೋಕನವ್ವನ ಗೆಳತಿ.

ಅಷ್ಟರಲ್ಲಿ ಪರದೆ ಅವಳ ಹೆಸರು ಕರೆಯಿತು. ಕೈ ಒದ್ದೆ. ಫೋನು ತೆಗೆಯಲಾಗಲಿಲ್ಲ. ಹೆಸರು ಕೊನೆಗೆ ಜಾರಿತು.

ಸಂಜೆ ಅವಳ ಗುಡಿಸಲಿಗೆ ಹೋದೆ. ಸ್ನಾನ ಮಾಡಿ ಕೂತಿದ್ದಳು. ಅಳುತ್ತಾಳೆ ಎಂದುಕೊಂಡಿದ್ದೆ. ಎಳ್ಳು ಅರೆಯುತ್ತಿದ್ದಳು, ಕಲ್ಲು ಮುರಿಯುವ ಹಾಗೆ.

"ನಾಳೆ ನಿನ್ನನ್ನೇ ಅಲ್ವಾ ಅವರು ವೇದಿಕೆ ಮೇಲೆ ತೋರ್ಸೋದು?"

"ಹೌದು ಅವ್ವಾ. ನಾನು ಹೋಗಲ್ಲ."

"ಹೋಗು. ಬಾಯಿಗೆ ಬಂದಿದ್ದು ಹೇಳು. ಉಳಿದಿದ್ದು ಮುದುಕೀರಿಗೆ ಬಿಡು."

ಮರುದಿನ ಗಡಿ ಮುಚ್ಚಿದ್ದರು. ಗಡಿ ತೆರೆಯುವ ಯಂತ್ರದ ಉದ್ಘಾಟನೆಗೆಂದು ಗಡಿ ಮುಚ್ಚಿದ್ದರು. ಇದನ್ನು ಅರ್ಥ ಮಾಡಿಕೊಳ್ಳಲು ಓದು ಬೇಕು, ನನಗಿಲ್ಲ. ಶಾಮಿಯಾನ, ಬಲೂನು, ಎರಡು ಬಾವುಟ. ವೇದಿಕೆಯ ಮೇಲೆ ಕಂಪಾಲದವರು, ಆ ಬಿಳಿ ಹೆಂಗಸು, ಆ ಕಡೆಯ ದೊಡ್ಡ ಅಧಿಕಾರಿ ಓಯೆಟ್. ಓಯೆಟ್ ನಮ್ಮವನೇ, ಅಚೋಲಿ. ಗಡಿ ಅವನನ್ನು ಆ ಕಡೆಯವನನ್ನಾಗಿ ಮಾಡಿತ್ತು. ಹೆಂಗಸರ ಸಾಲು ಬಿಸಿಲಿನಲ್ಲಿ. ಸಾಲು ಚೆಂದ ಕಾಣಲೆಂದು ಬೆಳಗಿನಿಂದಲೇ ನಿಲ್ಲಿಸಿದ್ದರು.

ನನಗೆ ಹಳದಿ ಅಂಗಿ ಹಾಕಿಸಿದರು. ಎದೆಯ ಮೇಲೆ ಏನೋ ಬರೆದಿತ್ತು. ತಲೆಯ ಮೇಲೆ ಎಲೆಕೋಸಿನ ಬುಟ್ಟಿ. ನಡೆದು ಹೋಗಬೇಕು, ಫೋನು ತೋರಿಸಬೇಕು, ಹಸಿರು ದೀಪ ಬಂದರೆ ನಗಬೇಕು. ನಡೆದೆ, ತೋರಿಸಿದೆ. ದೀಪ ಬರಲಿಲ್ಲ. ಸೆಬುನ್ಯಾ ಮೇಜಿನ ಕೆಳಗೆ ಏನೋ ಒತ್ತಿದ, ಬಂತು. ಚಪ್ಪಾಳೆ. ಫೋಟೊ ಸರಿ ಬರಲಿಲ್ಲವೆಂದು ಮತ್ತೆ ನಡೆಸಿದರು. ಮತ್ತೆ ಒತ್ತಿದ. ಮತ್ತೆ ಚಪ್ಪಾಳೆ.

ಬಿಳಿ ಹೆಂಗಸು ನನ್ನ ಭುಜದ ಮೇಲೆ ಕೈಯಿಟ್ಟು ಏನೋ ಕೇಳಿದಳು. ಕೋಮಾಕೆಚ್ ಮೈಕು ಹಿಡಿದು ನನ್ನತ್ತ ಬಾಗಿದ: "ಈಗ ನಿನಗೆ ಹೇಗನ್ನಿಸ್ತಿದೆ ಅಂತ ಕೇಳ್ತಿದಾರೆ."

"ಉಚ್ಚೆ ಬಂದಿದೆ," ಎಂದೆ.

ಸಾಲಿನಲ್ಲಿದ್ದ ಹೆಂಗಸರು ಗೊಳ್ಳೆಂದರು. ಕೋಮಾಕೆಚ್ ಮೈಕನ್ನು ತನ್ನತ್ತ ತಿರುಗಿಸಿಕೊಂಡ. ಆಮೇಲೆ ಇಂಗ್ಲಿಷಿನಲ್ಲಿ ಏನೋ ಹೇಳಿದ. ಬಿಳಿ ಹೆಂಗಸು ಎದೆಗೆ ಕೈಯಿಟ್ಟುಕೊಂಡಳು. ಎಲ್ಲರೂ ಚಪ್ಪಾಳೆ ತಟ್ಟಿದರು. 'ತುಂಬಾ ಸಂತೋಷವಾಗಿದೆ' ಎಂದಿದ್ದನಂತೆ.

ಓಯೆಟ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವನಿಗೆ ನನ್ನ ಮಾತು ತಿಳಿದಿತ್ತು.

"ಅವಳು ಹಾಗೆ ಹೇಳ್ಲಿಲ್ಲವಲ್ಲ," ಎಂದ ನಮ್ಮ ಮಾತಿನಲ್ಲಿ.

"ಹಳ್ಳಿ ಹೆಂಗಸು ಸಾರ್. ತಮಾಷೆ."

"ತಮಾಷೆ ಅಲ್ಲ!" ನಾನು ಮೈಕು ಕಸಿದುಕೊಂಡೆ. "ನೀವು ಬೀಗ ಹಾಕಿರೋದು ನಮ್ಮ ಕಕ್ಕಸಿಗೆ. ಇಟ್ಟಿಗೆ ನಾವು ಹೊತ್ವಿ, ಮರಳು ನಾವು ಹೊತ್ವಿ. ಅದರೊಳಗೆ ನಿಮ್ಮ ಯಂತ್ರ ತಣ್ಣಗೆ ಕೂತಿದೆ. ನಾವು ಇಲ್ಲಿ ನಿಂತು ರಕ್ತ ಹುಯ್ಕೋತಿದೀವಿ. ನಿನ್ನೆ ಒಬ್ಬ ತಾಯಿ ಇದೇ ನೆಲ ಒರೆಸಿದಾಳೆ, ಅವಳ ಸಿಂಬೆಲಿ. ಇದನ್ನ ಹೇಳಿ ಅವರಿಗೆ. ಅಕ್ಷರ ಬಿಡದೆ ಹೇಳಿ."

ಕೋಮಾಕೆಚ್ ಮೈಕಿನ ತಂತಿ ಎಳೆದ. ಸದ್ದು ನಿಂತಿತು. ಒಬ್ಬ ಪೊಲೀಸು ನನ್ನ ರಟ್ಟೆ ಹಿಡಿದ. ಬುಟ್ಟಿ ಬಿತ್ತು. ಎಲೆಕೋಸು ದೊಡ್ಡವರ ಬೂಟುಗಳ ನಡುವೆ ಉರುಳಿತು.

ಆಗ ಮುದುಕಿಯರು ಸಾಲಿನಿಂದ ಹೊರಗೆ ಬಂದರು.

ಮುಂದೆ ಓಜೋಕನವ್ವ. ಹಿಂದೆ ಅವಳ ಓರಗೆಯವರು. ಕೂಗಲಿಲ್ಲ. ನಡೆದು ಬಂದು ವೇದಿಕೆಯ ಎದುರು ನಿಂತರು. ಕೈ ಸೊಂಟದ ಬಟ್ಟೆಯ ಗಂಟಿಗೆ ಹೋಯಿತು.

ನಮ್ಮಲ್ಲಿ ಹೆತ್ತ ಮುದುಕಿ ಸಿಟ್ಟಿನಲ್ಲಿ ಬಟ್ಟೆ ಕಳಚಿದರೆ ಅದಕ್ಕಿಂತ ದೊಡ್ಡ ಶಾಪವಿಲ್ಲ. ನೋಡಿದ ಗಂಡಸಿನ ವಂಶ ಒಣಗುತ್ತದೆ. ಓದಿದವರು ಇದನ್ನು ನಂಬುವುದಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಂಬುವುದಿಲ್ಲ.

ಪೊಲೀಸು ನನ್ನ ರಟ್ಟೆ ಬಿಟ್ಟ. ಓಯೆಟ್ ಮುಖಕ್ಕೆ ಕೈ ಅಡ್ಡ ಹಿಡಿದು, ಕುರ್ಚಿ ಎಡವಿ, ವೇದಿಕೆಯ ಹಿಂಬದಿಗೆ ಇಳಿದ. ಕಂಪಾಲದವರಿಗೆ ಮೊದಲು ತಿಳಿಯಲಿಲ್ಲ. ಓಯೆಟ್ ಓಡಿದ್ದು ನೋಡಿ ಅವರೂ ಓಡಿದರು. ಬಿಳಿ ಹೆಂಗಸು ಮಾತ್ರ ನಗುನಗುತ್ತಾ ಫೋನು ಎತ್ತಿದಳು. ಸ್ವಾಗತದ ಕುಣಿತ ಎಂದುಕೊಂಡಿರಬೇಕು. ಕೋಮಾಕೆಚ್ ಅವಳ ಕೈಗೆ ಹೊಡೆದು ಫೋನು ಬೀಳಿಸಿದ.

"ಅವ್ವಾ," ಎಂದ ಅವನು. ನಿನ್ನೆ 'ಒರೆಸು' ಎಂದವನು ಇವತ್ತು ಅವ್ವಾ ಎಂದ. "ಅವ್ವಾ, ಬೇಡ. ನಿನ್ನ ಕಾಲಿಗೆ ಬೀಳ್ತೀನಿ. ನನಗೆ ಮಕ್ಕಳಿದಾರೆ."

"ನನಗೂ ಒಬ್ಬ ಇದ್ದ," ಎಂದಳು ಓಜೋಕನವ್ವ. "ಬೀಗ ತೆಗಿ."

ಅವನು ತೆಗೆಯುವಷ್ಟರಲ್ಲಿ ಬೀಗದಕೈ ಎರಡು ಸಲ ಬಿತ್ತು. ಬಾಗಿಲು ತೆರೆಯಿತು. ಗಂಟು ಬಿಚ್ಚಲಿಲ್ಲ. ಬಿಚ್ಚುವ ಅಗತ್ಯವೇ ಬೀಳಲಿಲ್ಲ.

ಒಳಗಿನಿಂದ ತಣ್ಣನೆ ಗಾಳಿ ಬಂತು. ನಮ್ಮ ಗೋಡೆಯ ನಡುವೆ ಕಪ್ಪು ಬೀರು ನೀಲಿ ಕಣ್ಣು ಮಿಟುಕಿಸುತ್ತಾ ನಿಂತಿತ್ತು. ಒಬ್ಬಳು ಸಲಾಕೆ ಎತ್ತಿದಳು. "ಬೇಡ," ಎಂದಳು ಓಜೋಕನವ್ವ, "ಒಡೆಯೋದು ನಮ್ಮ ಕಸುಬಲ್ಲ. ಹೊರೋದು."

ಹೊತ್ತೆವು. ನಾಲ್ವರು ಕೆಳಗೆ ಕೈಕೊಟ್ಟು ಎತ್ತಿದರು, ನಾಲ್ವರು ತಲೆಕೊಟ್ಟರು. ತಂತಿಗಳು ಒಂದೊಂದಾಗಿ ಪಟಪಟನೆ ಕಿತ್ತು ಬಂದವು. ಸೆಬುನ್ಯಾ ಅಳುದನಿಯಲ್ಲಿ ಹಿಂದೆ ಓಡಿ ಬಂದ. "ಅಕ್ಕಾ, ನಿಧಾನ! ಅಕ್ಕಾ, ಅದರೊಳಗೆ ಎರಡು ದೇಶ ಇದೆ!"

ನಾನು ಅದನ್ನು ನಮ್ಮ ಮಾತಿನಲ್ಲಿ ಹೇಳಿದೆ.

"ಎರಡು ದೇಶ ಇಷ್ಟೇನಾ?" ಎಂದಳು ಬೀರುವಿನ ಕೆಳಗಿನಿಂದ ಓಜೋಕನವ್ವ. "ಒಂದು ಮೂಟೆ ಈರುಳ್ಳಿಯಷ್ಟೂ ಇಲ್ಲ."

ತಂದು ವೇದಿಕೆಯ ಮೇಲೆ ಮುಖ್ಯ ಅತಿಥಿಯ ಕುರ್ಚಿಗೆ ಒರಗಿಸಿ ನಿಲ್ಲಿಸಿದೆವು. ಆಮೇಲೆ ಹಲಗೆ ಕಿತ್ತೆವು. ಒಬ್ಬೊಬ್ಬರಾಗಿ ಒಳಗೆ ಹೋದೆವು. ಯಾರೂ ಯಾರನ್ನೂ ಅವಸರಪಡಿಸಲಿಲ್ಲ.

ಪರದೆಗಳೆಲ್ಲ ಕಪ್ಪಾಗಿದ್ದವು. ಗೇಟಿನ ಪೇದೆಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಬುಟ್ಟಿಯೊಳಗೆ ಇಣುಕಿ "ಹೋಗು, ಹೋಗು" ಎಂದ. ಆ ಮಧ್ಯಾಹ್ನ ಹೆಂಗಸರು ದಾಟಿದಷ್ಟು ಸಲೀಸಾಗಿ ಆ ಗಡಿಯನ್ನು ಯಾರೂ ಎಂದೂ ದಾಟಿರಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ಇದು ಅಜ್ಜಿ ಕಥೆ. ಮುಗಿಯಲಿಲ್ಲ.

ಮರುವಾರ ಕೋಮಾಕೆಚ್‌ನನ್ನು ಎತ್ತಂಗಡಿ ಮಾಡಿದರು. ಹೊಸ ಅಧಿಕಾರಿ ಬಂದ. ಯಂತ್ರವನ್ನು ಲಾರಿಯಿಂದ ಇಳಿಸಿದ ಕಬ್ಬಿಣದ ಡಬ್ಬದೊಳಗೆ ಇಟ್ಟು ಹೇಗೋ ಓಡಿಸಿದರು. ನಾನು ಫೋನು ತೋರಿಸಿದೆ. ಕೆಂಪು ದೀಪ. ಓಜೋಕನವ್ವನಿಗೂ ಕೆಂಪು. ಆವತ್ತು ತಲೆಕೊಟ್ಟವರಿಗೆಲ್ಲ ಕೆಂಪು. ಆ ಕಡೆಯ ಕಚೇರಿಗೆ ಹೇಳಿಕಳಿಸಿ ನೋಡಿದೆವು. ಅಲ್ಲೂ ಅದೇ ಗಳಿಗೆಯಲ್ಲಿ ಕೆಂಪು. ನೆಟ್‌ವರ್ಕ್ ಅಡ್ಡಿ ಬರಲಿಲ್ಲ, ಜೂಬಾ ತಡಮಾಡಲಿಲ್ಲ. ಎರಡು ದೇಶಗಳು ಮೊದಲ ಸಲ ಒಂದಾಗಿ ಕೆಲಸ ಮಾಡಿದವು. ನಮ್ಮನ್ನು ಹೊರಗಿಡುವುದಕ್ಕೆ.

ಹೊಸ ಅಧಿಕಾರಿ ಕಕ್ಕಸನ್ನೂ ಕೇಳಿದ. ಡಬ್ಬದಲ್ಲಿ ಯಂತ್ರಕ್ಕೆ ಸೆಕೆ. ಆಳುಗಳನ್ನು ಕರೆದುಕೊಂಡು ಬಂದು ಬಾಗಿಲು ತಟ್ಟಿದ.

"ತಡಿಯೋ, ಇನ್ನೂ ಆಗಿಲ್ಲ," ಎಂದಳು ಒಳಗಿನಿಂದ ಓಜೋಕನವ್ವ.

ಅವಳು ಹೊರಬಂದ ಕೂಡಲೇ ಇನ್ನೊಬ್ಬಳು ಹೋದಳು. ಅವಳ ಹಿಂದೆ ಮತ್ತೊಬ್ಬಳು. ಹಗಲೆಲ್ಲ ಹಾಗೇ, ಮರುದಿನವೂ ಹಾಗೇ. ಒಳಗಿರುವ ಮುದುಕಿಯನ್ನು ಎಳೆದು ಹಾಕಿ ಎಂದು ಅವನು ಯಾರಿಗೆ ಹೇಳಿದರೂ ಅವರು ಬೇರೆ ಕಡೆ ನೋಡುತ್ತಿದ್ದರು. ಕೊನೆಗೆ ಯಂತ್ರಕ್ಕೆ ಬೇರೆ ಮನೆ ಕಟ್ಟಲು ಮೇಲಿನಿಂದ ಆಜ್ಞೆ ಬಂತು.

ಅಧಿಕಾರಿ ನನ್ನ ಹತ್ತಿರ ಬಂದ. ನಾನು ಈಗ ಗೇಟಿನ ಪಕ್ಕ ಒಲೆ ಹೂಡಿ ಬೀನ್ಸ್ ಬೇಯಿಸಿ ಮಾರುತ್ತೇನೆ. ನನ್ನ ಎಲೆಕೋಸನ್ನು ಬೇರೆಯವರು ದಾಟಿಸುತ್ತಾರೆ. ಹೊಟ್ಟೆ ಅರ್ಧ ತುಂಬುತ್ತದೆ.

"ಅಬಾಲೋ, ನಿಮ್ಮ ಹೆಂಗಸ್ರನ್ನ ಕರ್ಕೊಂಡು ಕೆಲಸಕ್ಕೆ ಬಾ. ಹೊರೋ ಕೆಲಸ ಇದೆ. ಬಂದವರ ಹೆಸರು ಕೆಂಪಿಂದ ಬಿಡಿಸ್ತೀನಿ. ಒಂದು ಗುಂಡಿ ಒತ್ತಿದ್ರೆ ಆಯ್ತು."

"ಆ ಗುಂಡಿ ಮೊದಲೇ ಒತ್ತಬೋದಿತ್ತು ಅಂತಾಯ್ತು."

"ಮೊಂಡು ಮಾಡ್ಬೇಡ. ನಿನ್ನ ಒಳ್ಳೇದಕ್ಕೆ ಹೇಳ್ತಿದೀನಿ."

"ನಮ್ಮ ಒಳ್ಳೇದು ಮಾಡಿದ್ದು ಸಾಕು ಸಾಹೇಬ್ರೇ. ಬೀನ್ಸ್ ಬೇಕಾದ್ರೆ ತಿನ್ನಿ. ಇಲ್ಲಾಂದ್ರೆ ಒಲೆಗೆ ಗಾಳಿ ಬಿಡಿ."

ನಾನು ಹೋಗಲಿಲ್ಲ. ಯಾರೂ ಹೋಗಲಿಲ್ಲ. ಕೆಂಪು ಕೆಂಪಾಗಿಯೇ ಉಳಿಯಿತು.

ದೂರದ ಊರಿನಿಂದ ಲಾರಿಯಲ್ಲಿ ಕೂಲಿಯವರನ್ನು ತಂದರು. ಅವರನ್ನೂ ದೂರಲಾರೆ. ಬಡವರೇ. ಮೊದಲ ದಿನ ಮಧ್ಯಾಹ್ನ ಅವರಲ್ಲೊಬ್ಬ ಹೆಂಗಸು, ಬೆನ್ನಿಗೆ ಕೂಸು ಕಟ್ಟಿಕೊಂಡವಳು, ಅತ್ತಿತ್ತ ನೋಡುತ್ತಾ ನನ್ನ ಒಲೆಯ ಹತ್ತಿರ ಬಂದಳು. ಮೊಣಕಾಲು ಒಂದಕ್ಕೊಂದು ಒತ್ತಿ ನಿಂತ ರೀತಿಯಿಂದಲೇ ನನಗೆ ತಿಳಿಯಿತು.

"ಅಕ್ಕಾ, ಇಲ್ಲಿ ಹೆಂಗಸ್ರಿಗೆ ಜಾಗ ಎಲ್ಲೈತೆ?"

ನಾನು ಸೌಟಿನಿಂದಲೇ ತೋರಿಸಿದೆ.

"ಯಾರನ್ನ ಕೇಳ್ಬೇಕು?"

"ಯಾರನ್ನೂ ಕೇಳ್ಬೇಡ," ಎಂದೆ. "ಹೋಗು. ಕೂಸನ್ನ ನನ್ನ ಕೈಗೆ ಕೊಡು."